ಒಂದೇ ಅಳತೆಯ ಎರಡು ಸೈಕಲ್ಲು

ಸೈಕಲ್ ರೇಸಿನ ತಂಡದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಅಳತೆಯಕ್ಕ ಎಂದು. ಆ ಹೆಸರಿಟ್ಟವಳು ತಂಡದ ನಾಯಕಿ, ಇಪ್ಪತ್ತಮೂರರ ಹುಡುಗಿ. ಇಳಿಜಾರಿನಲ್ಲಿ ಅವಳು ಧುಮುಕುವ ಪರಿ ನೋಡಿ ಅವಳಿಗೆ ಮಿಂಚು ಎಂಬ ಹೆಸರು ಬಿದ್ದಿತ್ತು. ಇಬ್ಬರದೂ ಒಂದೇ ಎತ್ತರ, ಕಾಲಿನ ಉದ್ದದಲ್ಲಿ ಎರಡು ಮಿಲಿಮೀಟರ್ ಹೆಚ್ಚುಕಡಿಮೆ, ಅಷ್ಟೇ. ಹಾಗಾಗಿ ಮೆಕ್ಯಾನಿಕ್ ಇಬ್ಬರ ಸೈಕಲ್ಲನ್ನೂ ಒಂದೇ ಅಳತೆಗೆ ಕೂರಿಸುತ್ತಿದ್ದ. ರೇಸಿನ ನಡುವೆ ಮಿಂಚುವಿನ ಟೈರು ಪಂಕ್ಚರಾದರೆ ಹಿಂದಿನ ಕಾರು ಬರುವ ತನಕ ಕಾಯುವಂತಿಲ್ಲ. ಅಳತೆಯಕ್ಕ ಇಳಿದು ತನ್ನ ಸೈಕಲ್ ಕೊಟ್ಟು, ಬೆನ್ನಿಗೆ ಕೈಯಿಟ್ಟು ತಳ್ಳಬೇಕು. ಉಳಿದ ಹೊತ್ತು ಕಾರಿನಿಂದ ನೀರಿನ ಬಾಟಲಿ ತಂದುಕೊಡುವುದು, ಮಿಂಚುವಿನ ಮುಂದೆ ಓಡಿಸುತ್ತ ಎದುರುಗಾಳಿಯನ್ನು ತಾನು ತಿನ್ನುವುದು. ಎಂಟು ವರ್ಷದಲ್ಲಿ ಒಂದು ರೇಸನ್ನೂ ಗೆದ್ದವಳಲ್ಲ.

“ಅಮ್ಮಾ, ಇವತ್ತು ಗೆದ್ಯಾ?” ಎಂದು ನಾಲ್ಕು ವರ್ಷದ ಮಗಳು ದಿನಾ ಸಂಜೆ ಫೋನಿನಲ್ಲಿ ಕೇಳುತ್ತಿದ್ದಳು.

“ನಾನು ಗೆಲ್ಲಲ್ಲ ಪುಟ್ಟಾ, ಗೆಲ್ಲಿಸ್ತೀನಿ.”

“ಹಂಗಂದ್ರೆ ಸೋತೆ ಅಂತಾನೇ ಅಲ್ವಾ?”

ಹಿಂದಿನಿಂದ ಅಜ್ಜಿಯ ನಗು ಕೇಳಿಸುತ್ತಿತ್ತು. “ಮಗು ಲೆಕ್ಕ ಸರಿಯಾಗೇ ಇದೆ ಕಣೆ. ಊಟ ಮಾಡಿದ್ಯಾ?”

ಏಳು ದಿನದ ರೇಸು. ಐದನೆಯ ದಿನ ಅವಳು ಬಿದ್ದಳು. ಅದೂ ಬಿದ್ದ ಪರಿ ಎಂಥದು! ಮೂತ್ರಕ್ಕೆಂದು ಪೊದೆಯ ಹಿಂದೆ ಹೋಗಿ ಬರುವಷ್ಟರಲ್ಲಿ ರೇಸಿನ ಕೊನೆಯ ಕಾರೂ ತಿರುವು ದಾಟಿತ್ತು. ಅವಸರದಲ್ಲಿ ತುಳಿದಳು, ತಿರುವಿನ ಮರಳಲ್ಲಿ ಚಕ್ರ ಜಾರಿತು. ಹ್ಯಾಂಡಲಿನ ಬಲಬದಿ ಮೈಲಿಗಲ್ಲಿಗೆ ಬಡಿಯಿತು, ಹೆಲ್ಮೆಟ್ಟು ನೆಲಕ್ಕೆ. ಒಂದು ಗಳಿಗೆ ಆಕಾಶ ಯಾವುದು, ರಸ್ತೆ ಯಾವುದು ತಿಳಿಯಲಿಲ್ಲ. ಆಮೇಲೆ ಎದ್ದಳು, ಮೈ ಕೊಡವಿಕೊಂಡಳು. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಹುಲ್ಲಿನ ಮೇಲೆ ಬಿದ್ದದ್ದರಿಂದ ಚರ್ಮವೂ ತರಚಲಿಲ್ಲ, ಹ್ಯಾಂಡಲಿಗೆ ಸುತ್ತಿದ ಪಟ್ಟಿಯೂ ಹರಿಯಲಿಲ್ಲ. ಗುಂಪನ್ನು ಸೇರಿಕೊಂಡಾಗ ಮಿಂಚು, “ಎಲ್ಲಕ್ಕಾ, ಅಲ್ಲೇ ಮನೆ ಕಟ್ಕೊಂಡ್ಯಾ?” ಎಂದು ರೇಗಿಸಿದಳು. ಇವಳು ನಕ್ಕಳು. ನಕ್ಕಾಗ ಕಿವಿಯ ಹಿಂದೆ ಏನೋ ಚುಳುಕ್ಕೆಂದಿತು.

ಸಂಜೆ ಹೋಟೆಲಿನ ಹಿಂಬದಿಯಲ್ಲಿ ಮೆಕ್ಯಾನಿಕ್ ಒಂದೊಂದೇ ಸೈಕಲ್ಲನ್ನು ತೊಳೆಯುತ್ತಿದ್ದ. ದಿನಾ ಒಂದೇ ಪ್ರಶ್ನೆ ಅವನದು.

“ಏನಾದ್ರೂ ಸದ್ದು ಬರ್ತಿದ್ಯಾ?”

ಬರುತ್ತಿತ್ತು. ಏರಿನಲ್ಲಿ ಹ್ಯಾಂಡಲನ್ನು ಜಗ್ಗಿದಾಗ ಬಲಗೈ ಕೆಳಗೆ ಎರಡು ಸಲ ಟಿಕ್ ಎಂದಿತ್ತು. ಆದರೆ ಆ ತಂಡದಲ್ಲೊಂದು ಕಟ್ಟಳೆ: ಬಿದ್ದ ಸೈಕಲ್ ಮೆಕ್ಯಾನಿಕ್ಕಿಗೆ, ಬಿದ್ದವಳು ಡಾಕ್ಟರಿಗೆ. ಒಂದನ್ನು ಹೇಳಿದರೆ ಇನ್ನೊಂದನ್ನೂ ಹೇಳಿದ ಹಾಗೆ. ತಲೆ ಬಡಿದಿದೆ ಎಂದರೆ ಡಾಕ್ಟರು ಮಾರನೆಯ ದಿನವೇ ಮನೆಗೆ ಕಳಿಸುತ್ತಾರೆ. ಐದು ದಿನದ ಒಟ್ಟು ಲೆಕ್ಕದಲ್ಲಿ ಮಿಂಚು ಎಲ್ಲರಿಗಿಂತ ಹತ್ತೊಂಬತ್ತು ಸೆಕೆಂಡು ಮುಂದಿದ್ದಳು. ತಂಡದ ಸವಾರರಲ್ಲಿ ಅವಳ ಅಳತೆಯ ಸೈಕಲ್ಲಿರುವುದು ಇವಳೊಬ್ಬಳ ಹತ್ತಿರ.

“ಇಲ್ಲಣ್ಣ.”

“ಸದ್ದಿದ್ರೂ ಇಲ್ಲ ಅನ್ನೋರೇ ಜಾಸ್ತಿ. ಅದಕ್ಕೇ ಎರಡು ಸಲ ಕೇಳೋದು. ಈ ಕಾರ್ಬನ್ ಸೈಕಲ್ಲು ಹೊರಗೆ ನಗ್ತಾ ಒಳಗೆ ಸೀಳಿರುತ್ತೆ. ಸದ್ದು?”

“ಇಲ್ಲ ಅಂದ್ನಲ್ಲ.”

ಎರಡು ದಿನ ತಾನೆ, ಜೋಪಾನವಾಗಿ ಓಡಿಸಿದರಾಯಿತು, ಮುರಿದರೂ ಮುರಿಯುವುದು ನನ್ನ ಮೂಳೆ, ಎಂದುಕೊಂಡಳು. ಇಷ್ಟು ವರ್ಷ ಮಾಡಿದ ಕೆಲಸವನ್ನು ಅವಳು ಆ ಹೊತ್ತಿಗೆ ಮರೆತಿದ್ದಳು. ಅದು ಅವಳೊಬ್ಬಳ ಸೈಕಲ್ಲಾಗಿ ಯಾವತ್ತೂ ಇರಲಿಲ್ಲ.

ಆರನೆಯ ದಿನ ಬೆಟ್ಟ. ಮೋಡ ರಸ್ತೆಯ ಮೇಲೇ ಕೂತಿತ್ತು. ಗುಂಪು ಚೂರುಚೂರಾಗಿ, ಮುಂದೆ ಒಂಬತ್ತು ಜನ ಉಳಿದರು, ಅದರಲ್ಲಿ ಇವರಿಬ್ಬರು. ಇವಳಿಗೆ ಬೆಳಿಗ್ಗೆಯಿಂದ ತಿಂದದ್ದು ಗಂಟಲಲ್ಲೇ ನಿಂತಿತ್ತು. ತುದಿಗೆ ಎರಡು ಕಿಲೋಮೀಟರ್ ಇದ್ದಾಗ ಮಿಂಚುವಿನ ಹಿಂದಿನ ಚಕ್ರ ಉಸ್ಸೆಂದಿತು.

“ಅಕ್ಕಾ!”

ಕಾಲು ನೆಲ ಮುಟ್ಟಿದ್ದೂ ಸೈಕಲ್ ಕೈದಾಟಿದ್ದೂ ಅವಳಿಗೆ ಗೊತ್ತಾಗಲಿಲ್ಲ. ಎಂಟು ವರ್ಷದ ರೂಢಿ. ಮನಸ್ಸಿಗಿಂತ ಮೊದಲು ಮೈ ಕೆಲಸ ಮುಗಿಸಿತ್ತು. ತಳ್ಳಿದಳು. ಮಿಂಚು ಪೆಡಲಿನ ಮೇಲೆ ಎದ್ದು ನಿಂತು ಹ್ಯಾಂಡಲನ್ನು ಜಗ್ಗಿದಳು.

ಟಿಕ್.

ಕೂಗಬೇಕೆಂದು ಬಾಯಿ ತೆರೆದಳು. ಬಾಯಿ ಹಾಗೆಯೇ ಇತ್ತು, ಮಿಂಚು ಮೋಡದೊಳಗೆ ಹೋದಳು.

ಗಾಳಿಯಿಲ್ಲದ ಚಕ್ರದ ಸೈಕಲ್ಲನ್ನು ಹಿಡಿದು ಅವಳು ನಡೆದಳು. ತುದಿಯವರೆಗೆ ಏರು, ಏರಿನಲ್ಲಿ ಏನೂ ಆಗದು. ಅದರಾಚೆ ಹನ್ನೊಂದು ಕಿಲೋಮೀಟರ್ ಇಳಿಜಾರು, ಗಂಟೆಗೆ ಎಂಬತ್ತರ ವೇಗ, ಒದ್ದೆ ರಸ್ತೆ. ತಂಡದವರೊಡನೆ ಮಾತಾಡುವ ರೇಡಿಯೋದ ಗುಂಡಿ ಕಾಲರಿನ ಕೆಳಗೆ ಇತ್ತು. ಸೀಳಿರಲಿಕ್ಕಿಲ್ಲ, ಬರೀ ತಿರುಪಿನ ಸದ್ದಿರಬಹುದು, ಎಂದಿತು ಮನಸ್ಸು. ನಿಲ್ಲಿಸಿದರೆ ಹತ್ತೊಂಬತ್ತು ಸೆಕೆಂಡು ನೀರಲ್ಲಿ ಹೋಮ. ಒಬ್ಬೊಬ್ಬರೇ ಹಿಂದಿನವರು ಅವಳನ್ನು ದಾಟಿ ಹೋದರು. ಬೆರಳು ಗುಂಡಿಯ ಮೇಲಿತ್ತು, ಒತ್ತಲಿಲ್ಲ. ಅಷ್ಟರಲ್ಲಿ ಕಿವಿಯಲ್ಲಿ, ಕಾರಿನಿಂದ ತಂಡವನ್ನು ನಡೆಸುವ ನಿರ್ದೇಶಕಿಯ ದನಿ: “ಮಿಂಚು ತುದಿ ದಾಟಿದ್ಲು. ಬಿಡು ಮಗಳೇ, ಬ್ರೇಕ್ ಮುಟ್ಟಬೇಡ!”

ಒತ್ತಿದಳು. “ಮಿಂಚು, ನಿಲ್ಲು!”

“ಯಾರದು ನಡುವೆ ಬಾಯಿ ಹಾಕೋದು?”

“ನಾನು ಮೇಡಂ. ಆ ಸೈಕಲ್ ನಿನ್ನೆ ಬಿದ್ದಿದೆ. ಹ್ಯಾಂಡಲ್ ಬಲಗಡೆ ಒಳಗೆ ಸೀಳಿದೆ ಅನ್ಸುತ್ತೆ.”

“ಅನ್ಸುತ್ತೋ, ಸೀಳಿದ್ಯೋ?”

“ಗೊತ್ತಿಲ್ಲ ಮೇಡಂ.”

ಆಮೇಲೆ ಮಿಂಚುವಿನ ರೇಡಿಯೋ ತೆರೆಯಿತು. ಅದರಲ್ಲಿ ಬರೀ ಗಾಳಿ, ಹರಿದ ಬಟ್ಟೆ ಪಟಪಟ ಬಡಿದಂತೆ. ಗಾಳಿಯ ಒಳಗಿಂದ, “ಯಾವ ಕಡೆ ಅಂದೆ?”

“ಬಲಗಡೆ. ಬಲಗೈ ಭಾರ ತೆಗಿ. ಎಡಗೈಲೇ ಬ್ರೇಕ್ ಹಿಡಿ, ಮೆಲ್ಲಗೆ, ಮೆಲ್ಲಗೆ ಪುಟ್ಟಾ.”

ಮಗಳಿಗೆ ಅನ್ನುವ ಮಾತು ಬಾಯಿಂದ ಜಾರಿತ್ತು. ಗಾಳಿ ಬಡಿಯುತ್ತಲೇ ಇತ್ತು. ಏರಿತು, ಇಳಿಯಿತು, ಒಂದು ಚೀರಿದ ಸದ್ದು ಬಂತು, ಗಕ್ಕನೆ ನಿಂತುಹೋಯಿತು. ಅದು ಹೇಗೆ ನಿಂತಿತೆಂದು ತಿಳಿಯದೆ ಅವಳು ರಸ್ತೆಯ ನಟ್ಟನಡುವೆ ಕಲ್ಲಾದಳು. ಹಿಂದಿನಿಂದ ಬಂದ ಬೇರೆ ತಂಡದ ಕಾರು ಹಾರನ್ ಬಡಿದು ಸುತ್ತಿಕೊಂಡು ಹೋಯಿತು.

“ನಿಂತೆ,” ಎಂದಳು ಮಿಂಚು.

ತಂಡದ ಕಾರು ಬಂದು ಬೇರೆ ಸೈಕಲ್ ಕೊಡುವಷ್ಟರಲ್ಲಿ ಒಂದು ನಿಮಿಷ ಹನ್ನೆರಡು ಸೆಕೆಂಡು ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸಂಜೆ ಮೆಕ್ಯಾನಿಕ್ ಆ ಹ್ಯಾಂಡಲಿನ ಪಟ್ಟಿಯನ್ನು ಎಲ್ಲರೆದುರು ಬಿಚ್ಚಿದ. ಕೂದಲೆಳೆಯಷ್ಟು ಗೆರೆ. ಎರಡೂ ಕೈಯಲ್ಲಿ ಹಿಡಿದು ಅದುಮಿದ, ಒಣಪುಳ್ಳೆಯಂತೆ ಲಟಕ್ಕೆಂದಿತು. ಅವನು ಬೈಯಲಿಲ್ಲ. ತುಂಡನ್ನು ಅವಳ ಕೈಗಿಟ್ಟು ಕೈ ತೊಳೆಯಲು ಹೋದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಡಾಕ್ಟರು ಕಣ್ಣಿಗೆ ದೀಪ ಬಿಟ್ಟು ನೋಡಿ, ತಿಂಗಳುಗಳನ್ನು ಡಿಸೆಂಬರಿನಿಂದ ಹಿಂದಕ್ಕೆ ಹೇಳಿಸಿದರು. ಸೆಪ್ಟೆಂಬರಿನ ಹತ್ತಿರ ಅವಳು ತಡವರಿಸಿದಳು. “ಬೆಳಿಗ್ಗೆ ಮನೆಗೆ,” ಎಂದರು.

ಕೋಣೆಯಲ್ಲಿ ಎರಡು ಮಂಚ. ಮಿಂಚು ತನ್ನ ಮಂಚದ ಅಂಚಿಗೆ ಕೂತಿದ್ದಳು, ಶೂ ಕೂಡ ಬಿಚ್ಚಿರಲಿಲ್ಲ.

“ಕೊಟ್ಟಾಗ್ಲೇ ಗೊತ್ತಿತ್ತಾ?”

“ನೀನು ಎದ್ದು ತುಳಿದಾಗ ಸದ್ದು ಕೇಳಿಸ್ತು.”

“ಆಗ ನಾನು ಹತ್ತು ಮಾರು ದೂರ ಇದ್ದೆ. ಕೂಗಿದ್ರೆ ಕೇಳಿಸ್ತಿತ್ತು.”

“ಕೇಳಿಸ್ತಿತ್ತು.”

“ಎರಡು ಕಿಲೋಮೀಟರ್ ಏನ್ ಮಾಡ್ತಿದ್ದೆ ಅಕ್ಕ?”

ಹೇಳಲು ಒಂದೇ ಮಾತಿತ್ತು. “ನೀನು ಮುಂದಿದ್ದೆ.”

ಮಿಂಚು ಬಹಳ ಹೊತ್ತು ಅವಳನ್ನೇ ನೋಡಿದಳು, ಪರಿಚಯವಿಲ್ಲದವರನ್ನು ನೋಡುವ ಹಾಗೆ. ಆಮೇಲೆ ಫೋನು ತೆಗೆದು ಅಲಾರಂ ಇಡತೊಡಗಿದಳು.

“ಗಂಟೆಗೊಂದು ಸಲ ನಿನ್ನ ಎಬ್ಬಿಸಿ ಮಾತಾಡ್ಸಬೇಕಂತೆ, ಡಾಕ್ಟ್ರು ಹೇಳಿದಾರೆ. ಅದಕ್ಕೆ ಕೂತಿದೀನಿ. ಇಲ್ಲಾಂದ್ರೆ ಈ ರೂಮಲ್ಲಿ ಇರ್ತಿರ್ಲಿಲ್ಲ.”

“ಗೊತ್ತು.”

“ಮಲ್ಕೋ.”

ಅವಳು ಮಲಗಿದಳು. ಕಣ್ಣು ಮುಚ್ಚುವುದಕ್ಕೇ ಭಯವಾಯಿತು.