ಜಾವಗಲ್ ದಾರಿಯ ಹುರುಳಿ ಹುಲ್ಲು

ಜಾವಗಲ್ ದಾಟಿದ ಮೇಲೆ ರಸ್ತೆ ತುಂಬ ಹುರುಳಿ ಗಿಡ ಹರಡಿದ್ದರು. ದಿನದ ಓಡಾಟಕ್ಕೆ ಆದೀತೇ ಎಂದು ನಾನು ಓಡಿಸಿ ನೋಡುತ್ತಿದ್ದ ಪುಟ್ಟ, ದುಬಾರಿ ಎಲೆಕ್ಟ್ರಿಕ್ ಎಸ್‌ಯುವಿ, ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ, ಬ್ರೇಕ್ ಒತ್ತದೆಯೇ, ತಾನೇ ನಿಂತಿತು.

"ಮೇಲೇ ಹತ್ತಿಸ್ಕಂಡೋಗಪ್ಪ, ಕಾಳು ಉದುರ್ಲಿ," ಎಂದಳು ಹುಲ್ಲು ತಿರುವುತ್ತಿದ್ದ ಅಜ್ಜಿ.

ಹೋದ ವರ್ಷ ಇದೇ ರಸ್ತೆಯಿಂದ ಅಣ್ಣ ಫೋನು ಮಾಡಿದ್ದ: "ಕಾರಿನಡಿ ಹುಲ್ಲು ಸಿಕ್ಕೊಂಡಿದೆ ಕಣೋ, ತೆಗೆದು ಬರ್ತೀನಿ." ಆಮೇಲೆ ತೆಗೆದರಾಯ್ತು, ಬೇಗ ಬಾ ಎಂದವನು ನಾನೇ. ಕಾದ ಸೈಲೆನ್ಸರಿನಿಂದ ಹುಲ್ಲು ಹೊತ್ತಿಕೊಂಡಿತು. ಅಣ್ಣ ಉಳಿಯಲಿಲ್ಲ.

"ಹುಲ್ಲು ಹೊತ್ಕೊಂಡ್ರೆ?" ಎಂದೆ. "ಇದಕ್ಕೆ ಸೈಲೆನ್ಸರೇ ಇಲ್ಲ, ಹೋಗಿ ಸರ್," ಎಂದರು ಪಕ್ಕದಲ್ಲಿ ಕೂತಿದ್ದ ಶೋರೂಮಿನವರು.

ಹೋದೆ. ಆಚೆ ನಿಲ್ಲಿಸಿ, ಮಂಡಿಯೂರಿ ಕಾರಿನಡಿ ಕೈ ಹಾಕಿದೆ. ಸಿಕ್ಕಿದ್ದ ಹುಲ್ಲು ತಣ್ಣಗಿತ್ತು.

"ಆಮೇಲೆ ತೆಗೆದ್ರಾಯ್ತು, ಬನ್ನಿ ಸರ್."

"ಇಲ್ಲ," ಎಂದೆ, "ಈಗ್ಲೇ ತೆಗೀಬೇಕು."