ಮೂರಂಗುಲದ ಬಿಸಿಲು

ಹಳೇಬೀಡಿನ ನಮ್ಮ ಶಾಲೆಯ ಉದ್ದನೆಯ ಕೋಣೆಯಲ್ಲಿ ಪಡುವಣ ಗೋಡೆಗೆ ಆರು ಕಿಟಕಿಗಳಿವೆ. ಆರಕ್ಕೂ ಮರದ ಪಟ್ಟಿಯ ಪರದೆಗಳಿವೆ. ಮಧ್ಯಾಹ್ನ ಎರಡೂವರೆ ದಾಟಿದ ಮೇಲೆ ಪ್ರತಿ ಪರದೆಯ ಎರಡು ಬದಿಯಿಂದಲೂ ಒಂದೂವರೆ ಅಂಗುಲದ ಬಿಸಿಲು ಒಳಗೆ ಬರುತ್ತದೆ. ಆರು ಕಿಟಕಿಗೆ ಹನ್ನೆರಡು ಪಟ್ಟೆ. ಮಾರ್ಚ್ ತಿಂಗಳಲ್ಲಿ ಮೂರು ಗಂಟೆಗೆ ಅವು ಮೂರನೇ ಸಾಲಿನ ಬೆಂಚನ್ನು ಮುಟ್ಟುತ್ತವೆ. ಬಿಸಿಲು ಬಿದ್ದ ಕಡೆ ಕೂತ ಹುಡುಗರು ಪಕ್ಕಕ್ಕೆ ಸರಿಯುತ್ತಾರೆ, ಪಕ್ಕದವರು ಗೊಣಗುತ್ತಾರೆ. ನಾನು ನೋಡಿಯೂ ನೋಡದವನಂತೆ ಪಾಠ ಮುಂದುವರಿಸುತ್ತೇನೆ.

ಹದಿನಾಲ್ಕನೇ ವಯಸ್ಸಿನಿಂದ ನಾನು ದಿನಚರಿ ಬರೆಯುತ್ತಿದ್ದೇನೆ. ತಾರೀಖು, ವಾರ, ಆ ದಿನ ಮಾಡಿದ ಕೆಲಸ, ಅದರ ಲೆಕ್ಕ. ಈ ಪರದೆಗಳ ಲೆಕ್ಕವೂ ಅದರಲ್ಲಿದೆ. ನಾಲ್ಕು ವರ್ಷದ ಹಿಂದಿನ ಆ ಪುಟಗಳನ್ನು ನೋಡಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಆ ಪುಟಗಳಲ್ಲಿ ಒಂದೇ ಒಂದು ಸುಳ್ಳಿಲ್ಲ. ಸುಳ್ಳು ಹೇಳಿದ್ದು ಪುಟವಲ್ಲ.

ಅಪ್ಪ ಅರಸೀಕೆರೆಯಲ್ಲಿ ರೈಲು ಬೋಗಿಗಳ ಮರಗೆಲಸ ಮಾಡುತ್ತಿದ್ದವನು. ಏಣಿಯಿಂದ ಬಿದ್ದು ಬಲಮಂಡಿ ಮಡಿಸಲಾಗದಂತಾದ ಮೇಲೆ ಮನೆಯ ಹಿಂದಿನ ಜಗುಲಿಗೆ ತೆಂಗಿನ ಗರಿಯ ಚಪ್ಪರ ಇಳಿಸಿಕೊಂಡು ಅಲ್ಲೇ ಕೆಲಸಕ್ಕೆ ಕೂತ. ಬೋಗಿಯ ಕಿಟಕಿಗಳ ಮರದ ಪಟ್ಟಿಗಳನ್ನು ವರ್ಷಗಟ್ಟಲೆ ರಿಪೇರಿ ಮಾಡಿದ್ದ ಕೈ ಅದು. ಅಂಥ ಪಟ್ಟಿಗಳನ್ನೇ ಇನ್ನೂ ತೆಳ್ಳಗೆ ಮಾಡಿ, ತೂತು ಕೊರೆದು, ಹಗ್ಗದಲ್ಲಿ ಪೋಣಿಸಿ, ಎಳೆದರೆ ಮೇಲಕ್ಕೆ ಮಡಚಿಕೊಳ್ಳುವ, ಬಿಟ್ಟರೆ ಕೆಳಗಿಳಿಯುವ ಪರದೆ ಮಾಡುತ್ತಿದ್ದ. ಊರಿನವರು ಅದನ್ನು ಪಟ್ಟಿ ಪರದೆ ಅನ್ನುತ್ತಿದ್ದರು. ವಕೀಲರ ಮನೆ, ಡಾಕ್ಟರ ಮನೆ, ಕೊಬ್ಬರಿ ಮಂಡಿಯ ಸಾಹುಕಾರರ ಮನೆ ಎಂದು ಒಂದೊಂದಾಗಿ ಕೆಲಸ ಬರುತ್ತಿತ್ತು.

ಮಡಿಸಲಾಗದ ಕಾಲಿನ ದೆಸೆಯಿಂದ ಅಪ್ಪ ಎಲ್ಲಿಗೂ ಹೋಗುತ್ತಿರಲಿಲ್ಲ. ಹೋಗಿ ಕಿಟಕಿ ಅಳೆದು ಬರುವುದು ನನ್ನ ಕೆಲಸ. ಬಂದು, ಗೋಡೆಗೆ ಒರಗಿಸಿಟ್ಟಿದ್ದ ಉದ್ದನೆಯ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಕಿಟಕಿಯ ಅಳತೆ ಬರೆಯಬೇಕು. ಅಪ್ಪ ಅದನ್ನು ನೋಡಿ ಪಟ್ಟಿ ಕೊಯ್ಯುತ್ತಿದ್ದ. ಎಷ್ಟು ಕೊಯ್ಯುತ್ತೇನೆ ಎಂದು ಹೇಳುತ್ತಿರಲಿಲ್ಲ. ನನಗೆ ಗರಗಸ ಮುಟ್ಟಲು ಬಿಡುತ್ತಿರಲಿಲ್ಲ. ಕೊಯ್ದ ಪಟ್ಟಿಗೆ ನಾನು ಉಪ್ಪುಕಾಗದ ಉಜ್ಜಬೇಕು, ನಡುವಿನಿಂದ ಗುರುತು ಹಾಕಿ ತೂತು ಕೊರೆಯಬೇಕು, ಪೋಣಿಸಬೇಕು.

ದಿನಚರಿ ತೆರೆದರೆ ಸಾಕು, ಅಪ್ಪನ ಬಾಯಿ ತೆರೆಯುತ್ತಿತ್ತು.

“ಏನು ಶಾನುಭೋಗರೇ, ಇವತ್ತು ನಾನು ಎಷ್ಟು ಸಲ ಸೀನಿದೆ ಅಂತ ಬರ್ಕೊಂಡ್ರಾ?”

ಪಕ್ಕದ ಮನೆಯವರು ಇದ್ದರೆ ಅದು ಇನ್ನೂ ಜೋರು. “ನಮ್ಮನೇಲಿ ಎರಡು ಥರ ಪಟ್ಟಿ ಆಯ್ತವೆ ಕಣ್ರೀ. ನಾನು ಮರದ್ದು ಮಾಡ್ತೀನಿ, ಇವನು ಕಾಗದದ್ದು ಮಾಡ್ತಾನೆ. ಲೋ, ಮರಕ್ಕೆ ಓದಾಕೆ ಬರಾಕಿಲ್ಲ ಕಣ್ಲಾ. ಬೆರಳಿಟ್ಟು ಕೇಳ್ಬೇಕು.”

ಅವರು ನಗುತ್ತಿದ್ದರು. ನಾನೂ ನಗಬೇಕಾಗುತ್ತಿತ್ತು. ಆರು ವರ್ಷ ಹೀಗೆ ನಕ್ಕಿದ್ದೇನೆ.

ನನಗೆ ಇಪ್ಪತ್ತು ತುಂಬಿದ ವರ್ಷ ಹಳೇಬೀಡಿನ ಕಡೆಯ ಜಮೀನುದಾರರೊಬ್ಬರು ತೆಂಗಿನಕಾಯಿ ಮಾರಲು ಬಂದವರು ನಮ್ಮ ಜಗುಲಿಗೆ ಬಂದು ಕೂತರು. ಅಲ್ಲಿಯ ಶಾಲೆಯ ಸಮಿತಿಗೆ ಅವರೇ ಯಜಮಾನರು.

“ಆಚಾರ್ರೇ, ಮದ್ಯಾನ ಆಯ್ತು ಅಂದ್ರೆ ಬಿಸ್ಲು ನೆಟ್ಟಗೆ ಐಕಳ ಕಣ್ಣಿಗೇ ಹೊಡಿತೈತೆ. ಬೋರ್ಡು ಬೆಳ್ಳಿ ತಟ್ಟೆ ಥರ ಹೊಳಿತೈತೆ, ಒಂದಕ್ಸರ ಕಾಣಾಕಿಲ್ಲ. ಆರು ಕಿಟಕಿಗೂ ಮಾಡ್ಕೊಡಿ.” ಆಮೇಲೆ ನನ್ನ ಕಡೆ ತಿರುಗಿದರು. “ಇವನೇ ಅಲ್ವಾ ಎಸ್ಸೆಲ್ಸಿ ಮಾಡಿರೋನು? ನಮ್ಮ ಸ್ಕೂಲಿಗೆ ಕ್ರಾಫ್ಟ್ ಮೇಷ್ಟ್ರು ಬೇಕಾಗವ್ರೆ. ಅಪ್ಪ ಮಗ ಸೇರಿ ಮಾಡಿದ ಕೆಲ್ಸ ನೆಟ್ಟಗೆ ಕೂತ್ರೆ ಇವನ ಹೆಸ್ರೇ ಬರೆದು ಕಳಿಸ್ತೀವಿ.”

ಆ ದಿನದ ಪುಟದಲ್ಲಿ ನಾನು ಒಂದೇ ಸಾಲು ಬರೆದಿದ್ದೇನೆ: ಈ ಜಗುಲಿಯಿಂದ ಹೋಗಬಹುದು.

ಮುಂದಿನ ಮಂಗಳವಾರ ಬಸ್ಸಿನಲ್ಲಿ ಹೋಗಿ ಅಳೆದೆ. ಒಂದೊಂದು ಕಿಟಕಿಯನ್ನೂ ಮೇಲೆ, ನಡುವೆ, ಕೆಳಗೆ, ಹೀಗೆ ಮೂರು ಸಲ. ಹದಿನೆಂಟು ಸಲವೂ ಅಗಲ ಮೂವತ್ತಾರು ಅಂಗುಲ. ಎತ್ತರದ ಮಾತು ಬೇಡ, ಅದರಲ್ಲಿ ತಪ್ಪಾಗಲಿಲ್ಲ.

ತಪ್ಪು ಆದದ್ದು ಹೀಗೆ. ಆ ಹೊತ್ತಿಗೆ ನನ್ನ ಪುಸ್ತಕದಲ್ಲಿ ಹತ್ತೊಂಬತ್ತು ಮನೆಗಳ ಲೆಕ್ಕವಿತ್ತು: ಕಿಟಕಿಯ ಅಗಲ, ಉಜ್ಜುವಾಗ ನಾನು ಅಳೆದುಕೊಂಡ ಪಟ್ಟಿಯ ಉದ್ದ. ಹದಿನೇಳು ಮನೆಗಳಲ್ಲಿ ಅಪ್ಪ ಕಿಟಕಿಗಿಂತ ಒಂದಂಗುಲ ಕಡಿಮೆಗೆ ಪಟ್ಟಿ ಕೊಯ್ದಿದ್ದ. ಎರಡು ಮನೆಗಳಲ್ಲಿ ಎರಡಂಗುಲ ಕಡಿಮೆ. ಆ ಎರಡನ್ನು ಅಪ್ಪನ ಕೈತಪ್ಪು ಎಂದುಕೊಂಡೆ. ಕಿಟಕಿಗಿಂತ ಒಂದಂಗುಲ ಕಡಿಮೆ, ಇದೇ ಅಪ್ಪನ ಗುಟ್ಟು ಎಂದು ತೀರ್ಮಾನಿಸಿದೆ. ಅಪ್ಪ ಹೇಳಿಕೊಡದೆ ನಾನೇ ಲೆಕ್ಕದಿಂದ ಕಂಡುಹಿಡಿದದ್ದು. ಅದನ್ನು ಅವನಿಗೆ ತೋರಿಸಬೇಕೆನಿಸಿತು. ಬಾಯಲ್ಲಿ ಹೇಳಿದರೆ ಮತ್ತೆ ಶಾನುಭೋಗರೇ ಎನ್ನುತ್ತಾನೆ. ಅದಕ್ಕೆ ಹೇಳದೆ, ಹಲಗೆಯ ಮೇಲೆ ಮೂವತ್ತಾರರ ಬದಲು ಮೂವತ್ತೈದು ಎಂದು ಬರೆದೆ. ಅದು ಕಿಟಕಿಯದಲ್ಲ, ಪಟ್ಟಿಯ ಅಳತೆ ಎಂದು ಅವನೇ ಕಂಡು, ಬೆರಗಾಗಿ, ಏನೋ ಇದು ಎಂದು ಕೇಳಲಿ ಎಂದು ಕಾದೆ. ಅವನು ಕೇಳಲಿಲ್ಲ; ಹೇಳದೆಯೇ ಅವನಿಗೆ ಹೊಳೆದಿದೆ ಎಂದುಕೊಂಡೆ. ನನ್ನ ಪುಸ್ತಕದಲ್ಲಿ ಪಕ್ಕಪಕ್ಕದಲ್ಲೇ ಎರಡು ಕಾಲಮು ಎಳೆದು ಬರೆದುಕೊಂಡೆ. ಕಿಟಕಿ, ಮೂವತ್ತಾರು. ಹಲಗೆ, ಮೂವತ್ತೈದು.

ಅಪ್ಪನ ಲೆಕ್ಕ ಬೇರೆಯೇ ಇತ್ತು. ಅದು ಆಯದ ಲೆಕ್ಕ. ಬಾಗಿಲಾಗಲಿ ಕಿಟಕಿಯಾಗಲಿ, ಅಗಲ ಬೆಸ ಸಂಖ್ಯೆಯಾಗಿರಬೇಕು, ಸರಿ ಸಂಖ್ಯೆ ಬಂದರೆ ಆಯ ಕೆಡುತ್ತದೆ, ಮನೆಗೆ ಒಳ್ಳೆಯದಲ್ಲ ಎಂದು ಅವನ ಅಪ್ಪ ಹೇಳಿಕೊಟ್ಟದ್ದು. ಪರದೆ ಕಿಟಕಿಗಿಂತ ಚಿಕ್ಕದಿರಬೇಕು, ಬೆಸವೂ ಆಗಿರಬೇಕು. ಕಿಟಕಿ ಮೂವತ್ತಾರಾದರೆ ಒಂದು ಕಳೆದು ಮೂವತ್ತೈದು. ಕಿಟಕಿಯೇ ಮೂವತ್ತೈದಾದರೆ ಎರಡು ಕಳೆದು ಮೂವತ್ತಮೂರು. ನಾನು ಕೈತಪ್ಪು ಎಂದುಕೊಂಡ ಆ ಎರಡು ಮನೆಗಳ ಕಿಟಕಿಗಳು ಬೆಸ ಅಗಲದವು. ನಾನು ಒಂದು ಕಳೆದು ಬರೆದದ್ದನ್ನು ಅಪ್ಪ ಕಿಟಕಿಯ ಅಳತೆ ಎಂದೇ ತಿಳಿದ. ಯಾಕೆ ತಿಳಿಯಬಾರದು? ಆ ಹಲಗೆಯ ಮೇಲೆ ಎಂದೂ ಬೇರೆ ಅಳತೆ ಬರೆದದ್ದಿಲ್ಲ. ಮೂವತ್ತಮೂರಕ್ಕೆ ಕೊಯ್ದ.

ಸಂಪಿಗೆ ಮರ. ಒಂದು ಪರದೆಗೆ ಮೂವತ್ತೊಂದು ಪಟ್ಟಿ, ಆರಕ್ಕೆ ನೂರ ಎಂಬತ್ತಾರು. ಸೀಳಿ ಹೋದವು ಹನ್ನೊಂದು. ಕೊರೆದ ತೂತು ಮುನ್ನೂರ ಎಪ್ಪತ್ತೆರಡು. ಹಿಡಿದ ದಿನ ನಲವತ್ತೊಂದು. ನೂರ ಎಂಬತ್ತಾರನ್ನೂ ನನ್ನ ಕೈಯಲ್ಲೇ ಉಜ್ಜಿದೆ, ಪೋಣಿಸಿದೆ, ದಿನವೂ ಎಣಿಸಿ ಬರೆದೆ. ಗುಟ್ಟು ಗೊತ್ತಾಗಿತ್ತಲ್ಲ, ಈ ಸಲ ಒಂದನ್ನೂ ಅಳೆಯಲಿಲ್ಲ.

ಪರದೆ ಕಟ್ಟುವ ದಿನ ಅಪ್ಪ ತಾನೂ ಬರುತ್ತೇನೆಂದ. “ನಿನ್ನ ಕೆಲ್ಸದ ಇಚಾರ ಐತಲ್ಲ, ನಾನಿರ್ಬೇಕು” ಎಂದ. ಬಸ್ಸಿನ ಮೇಲೆ ಪರದೆಗಳ ಗಂಟು, ಒಳಗೆ ಅಪ್ಪ ಕಾಲು ನೀಡಿಕೊಂಡು ಇಬ್ಬರ ಜಾಗದಲ್ಲಿ. ಕಂಡಕ್ಟರು ಗೊಣಗಿದ್ದಕ್ಕೆ, “ಈ ಕಾಲಿಗೂ ಒಂದು ಟಿಕೀಟು ಹರಿ ಮಾರಾಯ, ಅದು ನನ್ನ ಮಾತು ಕೇಳಾಕಿಲ್ಲ” ಎಂದು ನಗಿಸಿದ. ಅಷ್ಟು ಹಗುರಾಗಿದ್ದ ಅಪ್ಪನನ್ನು ನಾನು ನೋಡಿರಲಿಲ್ಲ. ಆಮೇಲೂ ನೋಡಲಿಲ್ಲ.

ಮೊದಲನೇ ಪರದೆಯನ್ನು ಏಣಿ ಹತ್ತಿ ನಾನೇ ಕಟ್ಟಿದೆ. ಹಗ್ಗ ಬಿಟ್ಟೆ. ಸರಸರನೆ ಇಳಿಯಿತು. ಎರಡು ಬದಿಗೂ ಬಿಸಿಲು ನಿಂತಿತು.

ಕೋಣೆಯಲ್ಲಿ ನಾಲ್ಕೇ ಜನ. ಯಜಮಾನರು, ಹೆಡ್‌ಮಾಸ್ಟರು, ಅಪ್ಪ, ನಾನು. ಅಪ್ಪ ಕುಂಟುತ್ತಾ ಹೋಗಿ ಅಳತೆಕೋಲು ತೆಗೆದು ಕಿಟಕಿಗೆ ಹಿಡಿದ. ಆಮೇಲೆ ಪರದೆಗೆ ಹಿಡಿದ. ಮತ್ತೆ ಕಿಟಕಿಗೆ ಹಿಡಿದ.

“ಮೂವತ್ತಾರು ಐತಲ್ಲೋ” ಎಂದ ಮೆಲ್ಲಗೆ. “ಮೂವತ್ತೈದು ಅಲ್ವಾ ನೀನು ಬರೆದಿದ್ದು?”

ಯಜಮಾನರು ನನ್ನನ್ನೇ ನೋಡಿದರು. “ಏನ್ಲಾ, ನೀನೇ ತಾನೇ ಬಂದು ಅಳೆದಿದ್ದು? ಎಷ್ಟು ಅಂತ ಬರ್ಕೊಂಡೆ?”

ಪುಸ್ತಕ ಚೀಲದಲ್ಲಿತ್ತು. ತೆಗೆದೆ. ಆ ಪುಟ ತೆರೆದೆ. ಕಿಟಕಿ ಎಂದು ಬರೆದ ಕಾಲಮು ಕಾಣುವಂತೆ ಹಿಡಿದು, ಹಲಗೆ ಎಂದು ಬರೆದ ಕಾಲಮಿನ ಮೇಲೆ ಅಂಗೈ ಇಟ್ಟೆ. ಯೋಚಿಸಿ ಇಟ್ಟೆನೋ, ತಾನಾಗಿ ಹೋಯಿತೋ ಎಂದು ನನ್ನನ್ನು ನಾನೇ ಬಹಳ ಸಲ ಕೇಳಿಕೊಂಡಿದ್ದೇನೆ. ತಾನಾಗಿ ಹೋದ ಕೈ ಅಷ್ಟು ಸರಿಯಾಗಿ ಒಂದೇ ಕಾಲಮನ್ನು ಮುಚ್ಚುವುದಿಲ್ಲ.

ಹೆಡ್‌ಮಾಸ್ಟರು ಕನ್ನಡಕ ಸರಿಮಾಡಿಕೊಂಡು ಓದಿದರು. “ಮೂವತ್ತಾರು. ಆರೂ ಮೂವತ್ತಾರೇ. ಮೂರು ಮೂರು ಸಲ ಅಳೆದಿದ್ದಾನೆ ಕಣ್ರೀ, ತಾರೀಖು ಸಮೇತ ಇದೆ. ನೋಡಿ ಎಷ್ಟು ಚೊಕ್ಕವಾಗಿ ಬರೆದಿದ್ದಾನೆ!”

ಆರು ವರ್ಷದಲ್ಲಿ ಆ ಪುಸ್ತಕವನ್ನು ಒಬ್ಬರು ಹೊಗಳಿದ್ದು ಅದೇ ಮೊದಲು.

ಅಪ್ಪ ಪುಸ್ತಕವನ್ನು ನೋಡಲಿಲ್ಲ. ನನ್ನ ಅಂಗೈಯನ್ನು ನೋಡಿದ. ಹಲಗೆಯ ಮೇಲೆ ಮೂವತ್ತೈದು ಎಂದಿದ್ದದ್ದು ಅವನಿಗೆ ಗೊತ್ತಿತ್ತು, ನಲವತ್ತೊಂದು ದಿನ ಅದರೆದುರಿಗೇ ಕೂತಿದ್ದ. “ಕೈ ತೆಗಿಯೋ” ಎಂಬ ಒಂದು ಮಾತು ಸಾಕಾಗಿತ್ತು. ಅವನು ಅಳತೆಕೋಲು ಮಡಿಸಿ ಜೇಬಿಗೆ ಹಾಕಿಕೊಂಡ.

“ಹಂಗಾದ್ರೆ ನಂದೇ ತಪ್ಪು” ಎಂದ. “ಕಣ್ಣು ಮಂಜಾಗೈತೆ ಸ್ವಾಮಿ. ಬೇರೆ ಮಾಡ್ಕೊಡ್ತೀನಿ.”

“ಅಯ್ಯೋ, ಇರ್ಲಿ ಬಿಡಿ ಆಚಾರ್ರೇ. ಐಕಳಿಗೆ ಒಸಿ ಬಿಸ್ಲೂ ಬೇಕು” ಎಂದು ಯಜಮಾನರು ನಕ್ಕರು. ಅಪ್ಪನ ಹೆಗಲ ಮೇಲೆ ಕೈ ಇಟ್ಟರು. “ವಯಸ್ಸಾಯ್ತಲ್ಲ, ಇನ್ನು ಸಾಕು ಮಾಡಿ. ಹುಡುಗ ಚುರುಕಾಗವ್ನೆ. ಇವನ ಹೆಸ್ರು ಬರೆಯಾಕೆ ನಂಗೇನೂ ಅಡ್ಡಿಯಿಲ್ಲ.”

ಅಪ್ಪನಿಗೆ ಆಗ ಐವತ್ತೊಂದು. ಉಳಿದ ಐದು ಪರದೆಗಳನ್ನೂ ನಾನೇ ಕಟ್ಟಿದೆ. ಅಪ್ಪ ಕೆಳಗೆ ಏಣಿ ಹಿಡಿದುಕೊಂಡು ನಿಂತಿದ್ದ.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕೇಳಿದಳು, “ಪರದೆ ಚೆನ್ನಾಗಿ ಕೂತ್ವಾ?”

“ಹುಡುಗನಿಗೆ ಕೆಲ್ಸ ಆಯ್ತು” ಎಂದ ಅಪ್ಪ. ಕಾಲು ತೊಳೆಯಲು ಹೋದ.

ಅಮ್ಮ ಆ ಸಂತೋಷಕ್ಕೆ ಗಸಗಸೆ ಪಾಯಸ ಮಾಡಿದಳು. ಅಪ್ಪ ಎರಡು ಲೋಟ ಕುಡಿದ. ನನ್ನ ಲೋಟವನ್ನು ಹಾಗೇ ಅಮ್ಮನ ಕಡೆ ಸರಿಸಿದೆ.

ಮಾರನೆ ಬೆಳಿಗ್ಗೆ ನಾನು ಏಳುವ ಮೊದಲೇ ಅಪ್ಪ ಜಗುಲಿಯಲ್ಲಿದ್ದ. ಮರದ ಮೈ ನುಣುಪು ಮಾಡುವ ಉಜ್ಜುಗೊರಡಿನ ಸದ್ದು ಕೇಳಿತು. ಏನೂ ಕೆಲಸವಿಲ್ಲದ ದಿನ ಅದು. ಅವನು ಸ್ನಾನಕ್ಕೆ ಹೋದಾಗ ಹೋಗಿ ನೋಡಿದೆ. ಅಳತೆಯ ಹಲಗೆ ಗೋಡೆಗೆ ಒರಗಿತ್ತು. ವರ್ಷಗಳಿಂದ ಬರೆದ ಅಳತೆಗಳು ಒಂದರ ಕೆಳಗೊಂದು ಹಾಗೇ ಇದ್ದವು, ಯಾವುದನ್ನೂ ಅವನು ಅಳಿಸುತ್ತಿರಲಿಲ್ಲ. ಕೊನೆಯ ಸಾಲಿನ ಜಾಗದಲ್ಲಿ ಮಾತ್ರ ಏನೂ ಇರಲಿಲ್ಲ. ಬೆರಳಿಟ್ಟೆ. ಅಲ್ಲಿ ಮರ ಸ್ವಲ್ಪ ತಗ್ಗಾಗಿತ್ತು. ಕೆಳಗೆ ಬಿದ್ದಿದ್ದ ಮರದ ಸಿಪ್ಪೆಯಲ್ಲಿ ಪೆನ್ಸಿಲಿನ ಕಪ್ಪು ಇತ್ತು.

ಬೈದಿದ್ದರೆ ಆಗುತ್ತಿತ್ತು. ನೆರೆಯವರ ಮುಂದೆ ಹೇಳಿದ್ದರೂ ಆಗುತ್ತಿತ್ತು, ಅಂಥದಕ್ಕೆ ನನಗೆ ಅಭ್ಯಾಸವಿತ್ತು. ಇದಕ್ಕೆ ಇರಲಿಲ್ಲ.

ಆಯದ ಲೆಕ್ಕವನ್ನು ನನಗೆ ಹೇಳಿದ್ದು ಅಮ್ಮ, ಎರಡು ತಿಂಗಳ ಮೇಲೆ, ನಾನು ಹಳೇಬೀಡಿಗೆ ಹೊರಡುವ ಹಿಂದಿನ ದಿನ ಬಟ್ಟೆ ಮಡಿಸುತ್ತಾ, ಯಾವುದೋ ಮಾತಿಗೆ. ಅಪ್ಪ ಒಂದು ಸಲ ಹೇಳಿಕೊಟ್ಟಿದ್ದರೆ ಎಂದು ಅವನ ಮೇಲೆ ಸಿಟ್ಟು ಬಂತು. ಆ ಸಿಟ್ಟು ಈಗಲೂ ಇದೆ. ಅದರಿಂದ ನನ್ನ ಅಂಗೈ ಹಗುರಾಗಲಿಲ್ಲ.

ಆಮೇಲೆ ಅಪ್ಪ ಪರದೆ ಮಾಡಲಿಲ್ಲ. ಆಚಾರ್ರಿಗೆ ಕಣ್ಣು ಕಾಣುವುದಿಲ್ಲವಂತೆ ಎಂಬ ಮಾತು ಕೊಬ್ಬರಿ ಮಂಡಿಗೂ ಬಂದಿತ್ತು. ಬಂದವರಿಗೆಲ್ಲ ಅವನೂ ಅದನ್ನೇ ಹೇಳಿ ಕಳಿಸುತ್ತಿದ್ದ. ಈಗ ಮಣೆ, ಲಟ್ಟಣಿಗೆ ಮಾಡುತ್ತಾನೆ. ನಾನು ರಜೆಗೆ ಹೋದರೆ ಊಟ ಆಯ್ತಾ ಎಂದು ಕೇಳುತ್ತಾನೆ. ನಾನು ಅವನೆದುರಿಗೇ ಪುಸ್ತಕ ತೆರೆದು ಬರೆದರೂ ಶಾನುಭೋಗರೇ ಎನ್ನುವುದಿಲ್ಲ.

ಶಾಲೆಯಲ್ಲಿ ನಾನು ಕಲಿಸುವ ಮೊದಲ ಪಾಠ ಅಳತೆಯದು. ವರ್ಷಕ್ಕೆ ಎರಡು ಹೊಸ ತರಗತಿ; ಎರಡರಲ್ಲೂ ಅಳತೆಕೋಲು ಕೈಗೆ ಬಂದ ಕೂಡಲೇ ಯಾವನಾದರೂ ಒಬ್ಬ ಹೋಗಿ ಕಿಟಕಿಗೆ ಹಿಡಿಯುತ್ತಾನೆ. ಕಳೆದ ಸೋಮವಾರವೂ ಒಬ್ಬ ಹಿಡಿದ.

“ಸಾ, ಈ ಪರದೆ ಮೂರಂಗುಲ ಕಮ್ಮಿ ಐತೆ ಸಾ! ಯಾರ್ ಸಾ ತಪ್ಪು ಮಾಡಿದ್ದು?”

ನಮ್ಮಪ್ಪ, ಎಂದೆ.

ಹುಡುಗರು ನಕ್ಕರು. ಸಂಜೆ ಪುಸ್ತಕ ತೆರೆದು ತಾರೀಖು ಹಾಕಿ ಅದನ್ನೂ ಬರೆದೆ. ಹಾಗೆ ಹೇಳಿದ್ದು ಇದು ಏಳನೆಯ ಸಲ.