ಪಾರ್ಕಿನಲ್ಲಿ ಪದ್ಯ ಹೇಳಿಸಿದವರು

ಆ ಶನಿವಾರ ಸಂಜೆ ಐದು ಗಂಟೆ ಹನ್ನೆರಡು ನಿಮಿಷಕ್ಕೆ ನಾನು ಆ ಮೆಸೇಜ್ ಕಳಿಸಿದ್ದೆ. ಮೊನ್ನೆ ಮಗಳ ಯಾವುದೋ ಫೋಟೋ ಬೇಕೆಂದು ಹಳೆಯ ಫೋನನ್ನು ಚಾರ್ಜಿಗೆ ಹಾಕಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಅದೇ. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು...

ಆಗ ನಾವು ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿದ್ದೆವು. ಪಕ್ಕದ ಮನೆಯಲ್ಲಿ ಸೆನೆಗಲ್‌ನಿಂದ ಬಂದ ಫ್ರೆಂಚ್ ಮೇಷ್ಟ್ರು ಒಬ್ಬರೇ ಇದ್ದರು. ನಿವೃತ್ತರು. ಶನಿವಾರ ಬಂತೆಂದರೆ ಕಾರನ್ನು ಹೊರಗೆ ನಿಲ್ಲಿಸಿ, ಗ್ಯಾರೇಜಿನಲ್ಲಿ ಕುರ್ಚಿ ಹಾಕಿ, ಎಸ್ಟೇಟಿನ, ಅಂದರೆ ನಮ್ಮ ಬಡಾವಣೆಯ, ಆಫ್ರಿಕನ್ ಮನೆಗಳ ಹುಡುಗ ಹುಡುಗಿಯರಿಗೆ ಪದ್ಯ ಹೇಳಿಕೊಡುತ್ತಿದ್ದರು. ಎಲ್ಲರಿಗೂ ಒಂದೊಂದು ಲೋಟ ಕೆಂಪು ಶರಬತ್ತು. ನಮ್ಮ ಬಾಗಲಕೋಟೆ ಕಡೆ ಪಲ್ಯ ಮಾಡುವ ಪುಂಡಿ ಗಿಡದ ಹೂವಿನದೇ ಶರಬತ್ತು ಅದು ಎಂದು ತಿಳಿದಾಗ ನನಗೆ ಆಶ್ಚರ್ಯವಾಗಿತ್ತು.

ಬೇಲಿಯ ಈಚೆ ಬಟ್ಟೆ ಒಣಹಾಕುತ್ತ ನಾನೂ ಕೇಳಿಸಿಕೊಳ್ಳುತ್ತಿದ್ದೆ. ನೆಗ್ರಿಟ್ಯೂಡ್ ಎಂಬ ಮಾತು ಕಿವಿಗೆ ಬಿದ್ದದ್ದು ಹಾಗೆ. ಫ್ರೆಂಚರು ಆಳುತ್ತಿದ್ದ ದೇಶಗಳಿಂದ, ದ್ವೀಪಗಳಿಂದ ಪ್ಯಾರಿಸ್‌ಗೆ ಓದಲು ಹೋದ ಕಪ್ಪು ವಿದ್ಯಾರ್ಥಿಗಳು, ಬೀದಿಯಲ್ಲಿ ತಮ್ಮನ್ನು ಹೀಯಾಳಿಸುತ್ತಿದ್ದ ಪದವನ್ನೇ ಎತ್ತಿಕೊಂಡು ತಮ್ಮ ಚಳವಳಿಗೆ ಹೆಸರಿಟ್ಟರಂತೆ. ನಮ್ಮ ಅಜ್ಜಿಯರ ಹಾಡಿಗೆ, ಕುಣಿತಕ್ಕೆ, ನಮ್ಮ ಮೈಬಣ್ಣಕ್ಕೆ ನಾವು ಯಾರ ಮುಂದೆಯೂ ನಾಚಬೇಕಾಗಿಲ್ಲ ಎಂದು ಪದ್ಯ ಕಟ್ಟಿದರಂತೆ. ಆ ಪದ್ಯಗಳಲ್ಲಿ ಡೋಲಿನ ಪೆಟ್ಟಿದೆ, ಕೂತು ಓದಿದರೆ ಅರ್ಧ ಸತ್ತುಹೋಗುತ್ತದೆ ಎಂದು ಮೇಷ್ಟ್ರು ಮಕ್ಕಳನ್ನು ನಿಲ್ಲಿಸಿ, ನೆಲಕ್ಕೆ ಕಾಲು ಬಡಿಸಿ, ಗಟ್ಟಿಯಾಗಿ ಹೇಳಿಸುತ್ತಿದ್ದರು.

ಊರಿನಲ್ಲಿ ಮನೆಮಂದಿಯೆಲ್ಲ ನನ್ನನ್ನು ಕರಿಯವ್ವ ಎನ್ನುತ್ತಿದ್ದುದನ್ನು, ಗಂಡಿನ ಕಡೆಯವರು ಬರುವ ಮುಂಚಿನ ವಾರವೆಲ್ಲ ಅವ್ವ ಕಡಲೆಹಿಟ್ಟು ಹಚ್ಚಿ ಮೈ ಉಜ್ಜುತ್ತಿದ್ದುದನ್ನು ಒಮ್ಮೆ ಅವರಿಗೆ ಹೇಳಿದ್ದೆ. ಬಹಳ ಹೊತ್ತು ನಕ್ಕರು. "ನೀವು ನನ್ನ ಕ್ಲಾಸಿಗೆ ತಡವಾಗಿ ಸೇರಿದ ವಿದ್ಯಾರ್ಥಿನಿ," ಎಂದರು.

ಆ ಶನಿವಾರ ಗ್ಯಾರೇಜಿಗೆ ನೀರು ನುಗ್ಗಿತ್ತೆಂದು ಅವರು ಮಕ್ಕಳನ್ನು ಪಾರ್ಕಿಗೆ ಕರೆದುಕೊಂಡು ಹೋಗಿದ್ದರು. ನನಗೆ ಗೊತ್ತಿರಲಿಲ್ಲ. ಸಾಮಾನು ತಂದು ಕಾರಿನಲ್ಲಿ ಬರುತ್ತಿದ್ದಾಗ ತಿರುವಿನಲ್ಲಿ ಕಂಡದ್ದು ಇಷ್ಟೇ: ಚಳಿಗೆ ತಲೆ ಮುಚ್ಚಿಕೊಂಡ ಹತ್ತು ಹದಿನೈದು ಕಪ್ಪು ಹುಡುಗರು, ಕೈ ಎತ್ತಿ ಕೂಗುತ್ತಿದ್ದರು. ಹೋಳಿಗೆ ಆರ್ಡರಿಗೆಂದು ಮಾಡಿಕೊಂಡಿದ್ದ ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಆ ವಾರವೆಲ್ಲ ಕಾರು ಕಳವಿನದೇ ಸುದ್ದಿ. ಕಾರು ನಿಲ್ಲಿಸಿ ಬರೆದೆ: ಪಾರ್ಕ್ ಹತ್ರ ಆಫ್ರಿಕನ್ ಹುಡುಗರ ಗ್ಯಾಂಗ್ ಇದೆ, ಎಲ್ಲರೂ ಹುಷಾರು.

ಕಳಿಸಿದ ಮೇಲೆ ಕಿಟಕಿ ಇಳಿಸಿದೆ. ಬೇಲಿಯಾಚೆಯಿಂದ ಎಷ್ಟೋ ಸಲ ಕೇಳಿದ್ದ ಪದ್ಯ ಅದು.

ಅಳಿಸೋಣವೆಂದರೆ ಯಾರೋ ಆಗಲೇ ಅದನ್ನು ಇಂಗ್ಲಿಷಿಗೆ ಮಾಡಿ ಎಸ್ಟೇಟಿನ ದೊಡ್ಡ ಗ್ರೂಪಿಗೆ ಹಾಕಿಯಾಗಿತ್ತು. ಇವರು ನಮ್ಮ ಮೇಷ್ಟ್ರ ಮಕ್ಕಳು ಎಂದು ಟೈಪ್ ಮಾಡುತ್ತಿದ್ದೆ. ಅಷ್ಟರಲ್ಲಿ ಎರಡು ಯೂಟ್, ಅಲ್ಲಿನ ಪಿಕಪ್ ಗಾಡಿಗಳು, ಬಂದು ನಿಂತವು. ಇಳಿದ ನಾಲ್ವರಲ್ಲಿ ಒಬ್ಬನ ಕೈಯಲ್ಲಿ ಕ್ರಿಕೆಟ್ ಬ್ಯಾಟು. ಮೇಷ್ಟ್ರು ಮಕ್ಕಳನ್ನು ಹಿಂದಕ್ಕೆ ಸರಿಸಿ, ಎರಡೂ ಅಂಗೈ ತೋರಿಸುತ್ತ ಮುಂದೆ ಬಂದರು. ನಾನು ಇಳಿಯಬೇಕಿತ್ತು. ನನ್ನ ಬೆರಳು ಕಾರಿನ ಲಾಕ್ ಒತ್ತಿತು... ನಾಲ್ಕೂ ಬಾಗಿಲುಗಳ ಆ ಟಕ್ ಸದ್ದು ಈಗಲೂ ಆಫೀಸಿನ ಮೀಟಿಂಗಿನ ನಡುವೆ ಕೇಳುತ್ತದೆ. ಒಬ್ಬ ಅವರ ಎದೆಗೆ ತಳ್ಳಿದ. ಅವರು ಹಿಂದಕ್ಕೆ ಬಿದ್ದರು. ಬೆಂಚಿನ ಸಿಮೆಂಟ್ ಅಂಚಿಗೆ ತಲೆ ಬಡಿಯಿತು. ನಾಲ್ವರೂ ಗಾಡಿ ಹತ್ತಿ ಹೋದರು. ಆಂಬುಲೆನ್ಸಿಗೆ ಫೋನ್ ಮಾಡಿದ್ದು ನಾನೇ, ಬಾಗಿಲು ತೆಗೆಯದೆ.

"ನೀವು ಹೇಳಿದ್ದು ಒಳ್ಳೇದೇ ಆಯ್ತು ಕಣ್ರೀ, ಆ ಪಾರ್ಕ್ ಕಡೆ ಈಗ ಯಾರೂ ಸುಳಿಯಲ್ಲ," ಎಂದು ಗ್ರೂಪಿನ ಆಂಟಿಯೊಬ್ಬರು ಮರುವಾರ ಹೇಳಿದರು.

ಮೇಷ್ಟ್ರು ಬದುಕಿದರು. ಬಲಗೈ ಸ್ವಾಧೀನ ತಪ್ಪಿತ್ತು. ತಾಯಂದಿರು ಮಕ್ಕಳನ್ನು ಕಳಿಸುವುದನ್ನು ನಿಲ್ಲಿಸಿದರು. ಆದರೂ ಎರಡು ಶನಿವಾರ ಅವರು ಗ್ಯಾರೇಜಿನ ಬಾಗಿಲೆತ್ತಿ ಕೂತದ್ದನ್ನು ನೋಡಿದೆ. ಮೂರನೆಯ ಶನಿವಾರ ತಡೆಯಲಾಗದೆ ಒಳಗೆ ಹೋಗಿ, ಮೊದಲು ಬರೆದವಳು ನಾನು ಎಂದು ಹೇಳಿದೆ.

ಅವರು ಎಡಗೈಯಿಂದ ಒಂದು ಖಾಲಿ ಕುರ್ಚಿಯನ್ನು ಗೋಡೆಗೆ ಸರಿಸಿದರು.

"ನಮ್ಮನ್ನು ಕಂಡು ಹೆದರುವವರು ಇರ್ತಾರೆ, ತಲೆ ಎತ್ತಿ ನಿಲ್ಲಿ ಅಂತ ಮಕ್ಕಳಿಗೆ ಕಲಿಸಿದ್ದೆ," ಎಂದರು. "ಆ ಹೆದರುವವರಲ್ಲಿ ನಿಮ್ಮನ್ನು ಸೇರಿಸಿರಲಿಲ್ಲ."

ಆ ತಿಂಗಳೇ ಅವರು ತಮ್ಮ ಮಗಳ ಮನೆಗೆಂದು ಪರ್ತ್‌ಗೆ ಹೋದರು. ಮುಂದಿನ ವರ್ಷ ನಾವೂ ಸಿಡ್ನಿಗೆ ಬಂದೆವು. ಮಾರ್ಸ್ಡನ್ ಪಾರ್ಕ್ ಎಂಬ ಬಡಾವಣೆಯಲ್ಲಿ ಮನೆ, ಮ್ಯಾಕ್ವೆರಿ ಪಾರ್ಕ್‌ನಲ್ಲಿ ಕೆಲಸ. ಆ ಶನಿವಾರದಿಂದ ದಿನವೂ ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತಿದ್ದುದು ಮಾತ್ರ ತಪ್ಪಲಿಲ್ಲ. ಪೊಲೀಸರಿಗಾಗಲಿ, ಆ ತಾಯಂದಿರಿಗಾಗಲಿ, ನನ್ನ ಗಂಡನಿಗಾಗಲಿ ಆ ಮೆಸೇಜು ನನ್ನದೆಂದು ನಾನು ಬಾಯಿ ಬಿಟ್ಟಿಲ್ಲ. ಕನ್ನಡದ ಗ್ರೂಪಿನವರಿಗೆ ಅದು ತಪ್ಪೆಂದೇ ಅನಿಸಿರಲಿಲ್ಲ. ಅದು ನನ್ನದೆಂದೂ ತಪ್ಪೆಂದೂ ನನ್ನ ಹೊರತು ತಿಳಿದಿದ್ದವರು ಮೇಷ್ಟ್ರು ಒಬ್ಬರೇ.

ಹೋದ ತಿಂಗಳು ಒಂದು ಮಂಗಳವಾರ ಅವರ ಮಗಳು ಫೋನ್ ಮಾಡಿ ಅಪ್ಪ ತೀರಿಕೊಂಡರೆಂದು ತಿಳಿಸಿದಳು. ನೆರೆಯವರಾಗಿ ಅಪ್ಪನನ್ನು ಚೆನ್ನಾಗಿ ನೋಡಿಕೊಂಡಿರಿ ಎಂದು ನನಗೆ ಥ್ಯಾಂಕ್ಸ್ ಹೇಳಿದಳು. ಪರವಾಗಿಲ್ಲಮ್ಮ ಎಂದೆ.

ಆ ದಿನ ರಾತ್ರಿ ಮಲಗಿದವಳಿಗೆ ಎಚ್ಚರವಾದಾಗ ಬೆಳಗಿನ ಏಳೂವರೆಯಾಗಿತ್ತು.